ನಮ್ಮ ಹಿತ್ತಲ ಭಟ್ಟಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಸೆರೆ ಮುಟ್ಟಿದವರು ಯಾರೂ ಇಲ್ಲ. ದೇವರ ಜಗಲಿಯ ಮೇಲೆ ಬಸವಣ್ಣನವರ ಪಟ, ಎಲ್ಲರ ಕೊರಳಲ್ಲೂ ಲಿಂಗ. ಆದರೂ ಹಿತ್ತಲಲ್ಲಿ ಒಂದು ಭಟ್ಟಿ ಇದೆ. ಅದು ನನ್ನ ಅತ್ತೆಯವರದು. ಅದರಲ್ಲಿ ಇಳಿಯುವುದು ಅಜಿವಾನದ, ಅಂದರೆ ಓಮದ ಕಾಳಿನ, ಅರ್ಕ. ಬಾಣಂತಿಯರಿಗೆ ಊಟವಾದ ಮೇಲೆ ಎರಡು ಚಮಚ ಕೊಟ್ಟರೆ ಹೊಟ್ಟೆ ಹಗುರಾಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಹಿಂದೆ ಪಕ್ಕದ ಮನೆಯಲ್ಲಿದ್ದ ಹಕೀಮರ ಮಗಳು ಕಲಿಸಿಕೊಟ್ಟ ವಿದ್ಯೆ ಇದು. ಆಕೆ ಮದುವೆಯಾಗಿ ಹೋಗುವಾಗ ತಾಮ್ರದ ಹಂಡೆಯನ್ನೂ ಕೊಳವೆಯನ್ನೂ ಅತ್ತೆಯವರ ಕೈಗೆ ಕೊಟ್ಟು ಹೋದಳಂತೆ.

ಭಟ್ಟಿ ಹಚ್ಚಿದ ದಿನ ಓಣಿಯೆಲ್ಲ ಅಜಿವಾನದ ಘಾಟು. ಹಾದು ಹೋಗುವವರು ಬಾಗಿಲಲ್ಲಿ ನಿಂತು ಕೆಣಕದೆ ಬಿಡುವುದಿಲ್ಲ.

"ಏನ್ ಯವ್ವಾ, ಮಾಲು ಇಳದೈತೇನು? ಅಬಕಾರಿಯವ್ರು ಬಂದ್ರ ಏನ್ ಮಾಡ್ತೀರಿ?"

"ಬರ್ಲಿ ಬಿಡು. ಅವರ ಹೆಂಡ್ರೂ ಹಡೀತಾರಲ್ಲ, ಒಂದೊಂದು ಬಾಟ್ಲಿ ಕೊಟ್ಟು ಕಳಸ್ತೇನಿ" ಎನ್ನುವರು ಅತ್ತೆ.

ಕೆಲಸವೇನೋ ಸರಳ. ರಾತ್ರಿ ನೆನೆಸಿದ ಅಜಿವಾನವನ್ನು ನೀರಿನ ಸಮೇತ ಹಂಡೆಗೆ ಹಾಕುವುದು, ಮುಚ್ಚಳದ ಸುತ್ತ ಗೋದಿಹಿಟ್ಟಿನ ಕಣಕ ಮೆತ್ತಿ ಉಗಿ ಹೊರಗೆ ಹೋಗದಂತೆ ಮಾಡುವುದು. ಮುಚ್ಚಳದ ನೆತ್ತಿಯಿಂದ ಹೊರಟ ಕೊಳವೆ ಒಂದು ಕಡೆ ಮೊಣಕೈಯಂತೆ ಮಡಿಚಿಕೊಂಡು, ತಣ್ಣೀರು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಕೂತ ಪಾತ್ರೆಗೆ ಇಳಿಯುತ್ತದೆ. ಉಗಿ ಅಲ್ಲಿ ತಣಿದು ಹನಿ ಹನಿಯಾಗಿ ಬೀಳುತ್ತದೆ. ಕಣಕ ಮೆತ್ತುವುದು, ಬುಟ್ಟಿಯ ನೀರು ಬದಲಿಸುವುದು ನನ್ನ ಪಾಲು. ಮೂಗು ಅತ್ತೆಯವರದು. ಮೊದಲು ಬಿದ್ದ ಒಂದು ಬಟ್ಟಲನ್ನು ಅವರು ನುಗ್ಗೆಗಿಡದ ಬುಡಕ್ಕೆ ಸುರಿಯುವರು. "ಅದು ಕೊಳವಿ ಬಾಯಿ ಮುಕ್ಕಳಿಸಿದ ನೀರು, ಮಂದಿಗಲ್ಲ" ಎಂದು ಅವರ ಮಾತು. ಕಡೆಗೆ ಸೀದ ವಾಸನೆಯ ಸುಳಿವು ಬಂತೋ, ಉರಿ ಎಳೆದುಬಿಡುವರು. ನನಗೆ ಆ ವಾಸನೆ ಸಿಗುವ ಹೊತ್ತಿಗೆ ಅವರು ಕಟ್ಟಿಗೆಗೆ ನೀರು ಚಿಮುಕಿಸಿ ಆಗಿರುತ್ತಿತ್ತು.

ಆ ವರ್ಷ ಭಟ್ಟಿಗೆ ಹೆಚ್ಚಿನ ಸಡಗರ. ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಸಸೂತ್ರವಾಗಿ ಆಗಿ, ಮಗುವಿನೊಂದಿಗೆ ಒಳಕೋಣೆಯಲ್ಲಿ ಮಲಗಿದ್ದಳು. ಊರ ಬಾಣಂತಿಯರಿಗೆಲ್ಲ ಅರ್ಕ ಇಳಿಸಿ ಕೊಟ್ಟ ಅತ್ತೆ ಈಗ ತಮ್ಮ ಮೊಮ್ಮಗಳಿಗೇ ಇಳಿಸಬೇಕು. ಅದಕ್ಕೆಂದೇ ಬಿಳಿ ಗಾಜಿನ ಹೊಸ ಬಾಟ್ಲಿ ತರಿಸಿ, ಕುದಿಸಿ, ಬಿಸಿಲಿಗೆ ಬೋರಲು ಹಾಕಿದ್ದರು. ದಿನಕ್ಕೆ ಎರಡು ಸಲ ಹೋಗಿ ಅದನ್ನು ಬೆಳಕಿಗೆ ಹಿಡಿದು ನೋಡಿ ಬರುತ್ತಿದ್ದರು.

ಹಂಡೆ ಹಳೆಯದೇ. ಕೊಳವೆಯ ಮೊಣಕೈ ಮಾತ್ರ ಹೊಸದಾಗಿ ರಿಪೇರಿಯಾಗಿತ್ತು. ಹಿಂದಿನ ಚಳಿಗಾಲದ ಕೊನೆಗೆ ಅಲ್ಲಿ ಬೆಸುಗೆ ಬಿಟ್ಟು ಉಗಿ ಸೋರತೊಡಗಿತ್ತು. ನಮ್ಮ ಮನೆಯವರದು ಪಂಪ್‌ಸೆಟ್ಟಿನ ಅಂಗಡಿ. ಬದಾಮಿಯ ಕಡೆ ಮೋಟಾರು ಕೂರಿಸಲು ಹೋದಾಗ ಕೊಳವೆಯನ್ನೂ ಒಯ್ದು, ಕುಳಗೇರಿ ಕ್ರಾಸಿನಲ್ಲಿ ಬೆಸುಗೆ ಹಾಕಿಸಿಕೊಂಡು ಬಂದಿದ್ದರು. ಬೆಳ್ಳಿಯ ಉಂಗುರ ತೊಡಿಸಿದಂತೆ ಹೊಳೆಯುತ್ತಿತ್ತು. ನೋಡಲು ಬಂದವರಿಗೆಲ್ಲ ಅತ್ತೆ ಅದನ್ನು ಬೆರಳು ಮಾಡಿ ತೋರಿಸಿದ್ದೇ ತೋರಿಸಿದ್ದು. "ನನ್ನ ಮಗ ಮಾಡ್ಸ್ಯಾನ. ಒಂದು ಹನಿ ಸೋರೂದಿಲ್ಲ ನೋಡ್ರಿ."

ಹೊಸ ಬೆಸುಗೆಯಲ್ಲಿ ಮೊದಲ ಸಲ ಇಳಿಸಿದ ಅರ್ಕದಲ್ಲಿ ಒಂದು ಬಾಟ್ಲಿ ಶಿರೂರಿನ ಬೀಗರ ಮನೆಯ ಬಾಣಂತಿಗೆ ಹೋಯಿತು. ಉಳಿದದ್ದು ಮಗಳಿಗೆಂದು ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಕೂತಿತ್ತು. ಮಗುವಿಗೆ ತೊಟ್ಟಿಲು ಕಟ್ಟಿದ ಮೇಲೆ ಕುಡಿಯಲು ಶುರುಮಾಡುವುದು ನಮ್ಮ ಮನೆಯ ರೂಢಿ. ಅದೊಂದು ರೂಢಿ ಇದ್ದದ್ದು ಒಳ್ಳೆಯದೇ ಆಯಿತು.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಹುನಗುಂದದಿಂದ ಮೈದುನ ಬಂದ. ಅತ್ತೆ ಎರಡನೇ ಸಲ ಭಟ್ಟಿ ಹಚ್ಚಿದ್ದರು. ಮೈದುನನಿಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಹಿತ್ತಲಿಗೆ ಬಂದವನೇ ಒಂದು ಚಮಚ ಅರ್ಕ ಹಿಡಿದು, ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದ.

"ವೈನಿ, ಮಾಲು ಹೆಂಗೈತಿ ಪರೀಕ್ಷಾ ಮಾಡೂಣು ತಡೀರಿ."

ಕಡ್ಡಿ ಗೀರಿ ಚಮಚಕ್ಕೆ ತಾಗಿಸಿದ. ಅದು ಚುಂಯ್ ಎಂದು ಆರಿತು.

"ಇದು ಹತ್ತವಲ್ದಲ್ಲ! ಪೂರಾ ನೀರು ಬೆರಸೀರಿ ನೀವು. ಹಿಂಗ ಮಾಡಿದ್ರ ಗಿರಾಕಿ ನಿಲ್ಲೂದಿಲ್ರಿ."

"ಏ ಮಂಗ್ಯಾ, ಅದು ಬಾಣಂತಿ ಅರ್ಕೋ! ಚಮಚಾ ಕರ‍್ರಗ ಮಾಡಿದಿ ನೋಡು" ಎಂದು ಅತ್ತೆ ಬೀಸಣಿಗೆಯಿಂದ ಅವನ ಬೆನ್ನಿಗೆ ಒಂದು ಕೊಟ್ಟರು.

"ಅಲ್ಲಬೇ, ಸೆರಿ ಚೊಲೋ ಐತೋ ಇಲ್ಲೋ ಅಂತ ಹಿಂಗ ನೋಡ್ತಾರ. ಉರಿ ನೀಲಿ ಬಂತಂದ್ರ ಶುದ್ಧ, ಕೆಂಪು ಬಂತಂದ್ರ ಕೆಟ್ಟದ್ದು."

ನಾನು ಸಾಮಾನ್ಯವಾಗಿ ಇಂಥ ಮಾತಿಗೆ ನಕ್ಕು ಸುಮ್ಮನಾಗುವವಳು. ಆದರೆ ಇದು ನನಗೆ ಗೊತ್ತಿದ್ದ ವಿಷಯ. "ನೀಲಿ ಬಂದ್ರ ಅದು ಉರೀತೈತಿ ಅಂತ ಗೊತ್ತಾಗ್ತೈತಿ, ಅಷ್ಟ. ಕಣ್ಣು ಕಳ್ಯೂ ಸೆರೀನೂ ನೀಲೀನ ಉರೀತೈತಿ" ಎಂದೆ.

"ಅದೂ ಖರೇನ ಅನ್ರಿ ವೈನಿ" ಎಂದು ಅವನು ಕಟ್ಟೆಯ ಮೇಲೆ ಕೂತ. ಕೂತನೆಂದರೆ ಕಥೆ ಶುರು ಎಂದೇ ಅರ್ಥ. "ನಮ್ಮ ಕಡೆ ಹಳೇ ಮಂದಿ ಹೇಳ್ತಾರ. ಯಾರೋ ಒಬ್ಬಾಂವ ಗುಡ್ಡದ ಮಗ್ಗಲ ಕಳ್ಳಭಟ್ಟಿ ಇಟ್ಟಿದ್ದನಂತ. ಕೊಳವಿಗೆ ರೊಕ್ಕ ಯಾಕ ಹಾಕಬೇಕಂತ ಗುಜರಿಯಾಗಿನ ಲಾರಿ ರೇಡಿಯೇಟರ್ ತಂದು ಜೋಡಿಸಿದ್ದ. ಉರಿ ಹಚ್ಚಿದ್ರ ನವಿಲಿನ ಕೊಳ್ಳಿನಂಗ ನೀಲಿ! ಎಲ್ಲಾರೂ ಪಸಂದ್ ಐತಿ ಅಂತ ಕುಡದಿದ್ದ ಕುಡದಿದ್ದು. ಆಮ್ಯಾಲ ಒಬ್ಬೊಬ್ಬರದ ಮುಂಗೈ ಜೋತು ಬಿದ್ದುವಂತ. ಗ್ಲಾಸ್ ಹಿಡ್ಯಾಕ ಬರವಲ್ದು. ಕೈನ ಸೆರಿ ಬಿಡಿಸ್ತು ಅಂತ ನಗ್ತಿದ್ರು."

ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ಕೊಳವೆಯ ಮೊಣಕೈ ಮೇಲೆ ಹೋಗಿ ನಿಂತಿತ್ತು. ಉಗಿಯ ಬಿಸಿಗೆ ಬೆಳ್ಳಿಯ ಉಂಗುರದ ಹೊಳಪು ಮಾಸಿ, ಕಾರ್ಮೋಡದ ಬಣ್ಣಕ್ಕೆ ತಿರುಗಿತ್ತು.

ಒಳಗೆ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮನೆಯವರನ್ನು ಕೇಳಿದೆ. "ಕುಳಗೇರಿ ಕ್ರಾಸಿನ್ಯಾಗ ಆ ಬೆಸಿಗಿ ಯಾರ ಕಡೆ ಹಾಕಿಸಿದ್ರಿ?"

"ರೇಡಿಯೇಟರ್ ಮಿಸ್ತ್ರಿ ಕಡೆ. ಯಾಕ? ಭಾಳ ಚೊಲೋ ಕೆಲಸಗಾರ. ಲಾರಿಗೋಳು ಸಾಲು ಹಚ್ಚಿ ನಿಂತಿರ್ತಾವ."

"ಏನಂತ ಹೇಳಿ ಕೊಟ್ರಿ?"

"ಅಂವ ಇದು ಎದರದು ಅಂದ. ನೀರಿಂದು ಅಂದೆ. ಸುಳ್ಳೇನು?"

ಸುಳ್ಳಲ್ಲ. ರೇಡಿಯೇಟರಿಗೆ ತಕ್ಕ ಬೆಸುಗೆಯನ್ನು ಆತ ಚೆನ್ನಾಗಿಯೇ ಹಾಕಿದ್ದ. ಲಾರಿ ತನ್ನ ನೀರನ್ನು ಯಾವ ಬಾಣಂತಿಗೂ ಕುಡಿಸುವುದಿಲ್ಲ.

ನಾನು ಕಲಿತದ್ದು ಸಿಸ್ಟರುಗಳ ಶಾಲೆಯಲ್ಲಿ. ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಮೆಲುದನಿಯವರು. ಗದರಿದರೂ ಸಮಾಧಾನ ಹೇಳಿದಂತೆ ಕೇಳಿಸುತ್ತಿತ್ತು. ಒಮ್ಮೆ ತವರದ ಒಂದು ಕಡ್ಡಿ ತಂದು, ಒಬ್ಬೊಬ್ಬಳ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಕಡ್ಡಿ ಕಿರಕ್ಕೆಂದು ಅತ್ತಿತು. ಆಮೇಲೆ ಸೀಸದ ಕಡ್ಡಿ ಬಗ್ಗಿಸಿದರು. ಅದು ತುಟಿ ಬಿಚ್ಚಲಿಲ್ಲ. ಆದರೆ ಬಿಳಿ ಹಾಳೆಯ ಮೇಲೆ ಎಳೆದಾಗ ಪೆನ್ಸಿಲ್ಲಿನಂಥ ಕಪ್ಪು ಗೆರೆ ಬಿತ್ತು. ಬೆಸುಗೆಯಲ್ಲಿ ಬೆರೆಸುವ ಈ ಸೀಸ ಹೊಟ್ಟೆಗೆ ಹೋದರೆ ವಿಷ, ಮುಂಗೈಯ ನರವನ್ನೇ ಸೋಲಿಸುತ್ತದೆ ಎಂದೂ ಹೇಳಿದ್ದರು. ಬಟ್ಟಿ ಇಳಿಸಿದ ನೀರಿನ ಬಗ್ಗೆ ಅವರು ಹೇಳಿದ್ದು ಇನ್ನೂ ನೆನಪಿದೆ: ಅದು ಹಸಿದ ನೀರು, ಅದರೊಳಗೆ ಏನೂ ಇಲ್ಲ, ಆದ್ದರಿಂದ ತಾನು ಮುಟ್ಟಿದ್ದರಿಂದ ಒಂದಿಷ್ಟು ತೆಗೆದುಕೊಂಡೇ ಮುಂದೆ ಹೋಗುತ್ತದೆ.

ಭಟ್ಟಿ ಆರಿ, ಕೊಳವೆ ತಣ್ಣಗಾದ ಮೇಲೆ ಅದನ್ನು ಒಳಗೆ ತಂದೆ. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಮಗುಚಿ, ಬಿಳಿಯ ಬದಿಯನ್ನು ಬೆಸುಗೆಯ ಮೇಲೆ ಒತ್ತಿ ಎಳೆದೆ. ಗೆರೆ ಬಿತ್ತು. ಕಣ್ಣಿಗೆ ಕಾಡಿಗೆ ತೀಡಿದಷ್ಟು ಸ್ಪಷ್ಟ. ಹಂಡೆಯ ಒಳಗಿನ ಕಲಾಯಿಯ ಮೇಲೆ ಎಳೆದೆ, ಗೆರೆ ಇಲ್ಲ. ಬರಿಯ ತಾಮ್ರದ ಮೇಲೆ ಎಳೆದೆ, ಇಲ್ಲ. ಮತ್ತೆ ಬೆಸುಗೆಯ ಮೇಲೆ ಎಳೆದೆ, ಮತ್ತೆ ಕಪ್ಪು.

ಮೊದಲು ಮಾಡಿದ ಕೆಲಸವೆಂದರೆ ಮಾಡಿನಲ್ಲಿದ್ದ ಬಾಟ್ಲಿಯನ್ನೂ ಆ ದಿನ ಇಳಿದ ಅರ್ಕವನ್ನೂ ತೆಗೆದು ನನ್ನ ಸೀರೆಗಳ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದು. ಆಮೇಲೆ ಅತ್ತೆಯವರ ಹತ್ತಿರ ಹೋಗಿ ಕೂತೆ. ಕಾಗದ ತೋರಿಸಿದೆ.

"ಅತ್ತೀ, ಈ ಬೆಸಿಗ್ಯಾಗ ಸೀಸ ಐತ್ರಿ. ಈ ಅರ್ಕ ಆಕಿಗೆ ಕೊಡೂದು ಬ್ಯಾಡ."

ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಬಿಗಿಯಿತು. "ನಿನ್ನ ಕಾಗದ ಕರ‍್ರಗಾದ್ರ ನನ್ನ ಅರ್ಕ ಕೆಟ್ಟೈತೇನು? ಇಷ್ಟು ವರ್ಷ ಎಷ್ಟು ಮಂದಿ ಕುಡದಾರ, ಒಬ್ಬಾಕಿಗಾದ್ರೂ ಏನರ ಆಗೇತೇನು?"

"ಅವರೆಲ್ಲಾ ಕುಡದದ್ದು ಹಳೇ ಬೆಸಿಗೀದ್ರಿ. ನಿಮ್ಮ ಕೈ ಕೆಟ್ಟಿಲ್ಲ, ಕೊಳವಿ ಕೆಟ್ಟೈತಿ."

"ನಾನ ಮೂಸಿ ನೋಡೇನಿ, ನೆಕ್ಕಿ ನೋಡೇನಿ!"

"ಅದಕ್ಕ ವಾಸನಿ ಇಲ್ರಿ ಅತ್ತೀ."

ಅಷ್ಟರಲ್ಲಿ ಮನೆಯವರು ಬಾಗಿಲಿಗೆ ಬಂದು, "ಸಾಲ್ಯಾಗ ಎಂದೋ ಕಲ್ತದ್ದು ಹಿಡ್ಕೊಂಡು ಕುಂತಾಳ ನೋಡು ಈಕಿ" ಎಂದು ನಕ್ಕರು. ಅತ್ತೆ ನಗಲಿಲ್ಲ. ಮೊಮ್ಮಗಳಿಗಾಗಿ ಕುದಿಸಿಟ್ಟ ಬಿಳಿ ಬಾಟ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅದನ್ನು ಸೆರಗಿನಿಂದ ಒರೆಸುತ್ತ, "ನಮ್ಮ ಮನಿ ಹುಡುಗೀನ ಕುಡೀಲಿಲ್ಲ ಅಂದ್ರ ಇನ್ನ ಊರಾಗ ಯಾರ ಕುಡೀತಾರವಾ?" ಎಂದರು. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟ ಮಾಡಿತು.

ಆದರೂ ಕಪಾಟಿನ ಕೀಲಿ ಕೊಡಲಿಲ್ಲ. ನಾನು ದನಿ ಏರಿಸುವ ಹೆಂಗಸಲ್ಲ. ಏರಿಸಬೇಕಾದ ಅಗತ್ಯವೂ ಆ ದಿನ ಕಾಣಲಿಲ್ಲ, ಗೆರೆ ಅಷ್ಟು ಕಪ್ಪಾಗಿತ್ತು. ಒಂದು ಮಾತು ಮಾತ್ರ ನನಗೂ ಗೊತ್ತಿತ್ತು: ಕಾಗದ ಹೇಳುವುದು ಬೆಸುಗೆಯ ಸುದ್ದಿ. ಆ ಸೀಸ ಅರ್ಕಕ್ಕೆ ಇಳಿದಿದೆಯೋ ಇಲ್ಲವೋ ಎಂಬುದನ್ನು ಅರ್ಕವೇ ಹೇಳಬೇಕು. ಬಾಗಲಕೋಟೆಯಲ್ಲಿ ನನ್ನ ಶಾಲೆಯ ಗೆಳತಿಯೊಬ್ಬಳು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಆಕೆಗೆ ಫೋನ್ ಮಾಡಿ, "ಹೊಸ ಅರ್ಕ ಒಂದು ಬಾಟ್ಲಿ, ಕಳೆದ ವರ್ಷದ ಹಳೇ ಅರ್ಕ ಒಂದು ಬಾಟ್ಲಿ ತರ್ತೇನಿ" ಎಂದೆ. ಎರಡನ್ನೂ ಒಂದೇ ನಮೂನೆಯ ಶೀಸೆಗೆ ಸುರಿಯಲು ಹೇಳಿದಳು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ನಾನೂ ಬರ್ತೇನಿ" ಎಂದರು. "ಶೀಸೆ ನಾನ ತುಂಬ್ತೇನಿ. ಯಾವುದರಾಗ ಯಾವುದೈತಿ ಅಂತ ನಿನಗೂ ಹೇಳೂದಿಲ್ಲ, ನಿನ್ನ ಗೆಳತಿಗೂ ಹೇಳೂದಿಲ್ಲ. ನಿನ್ನ ಕಾಗದದ ಗೆರಿ ನೋಡಿ ಆಕೀನೂ ಹೌದು ಹೌದು ಅಂದಾಳು."

ಅದಕ್ಕಿಂತ ಸರಿಯಾದ ಮಾತು ಇನ್ನೇನಿದೆ? ಒಪ್ಪಿಕೊಂಡೆ. ಹಳೆಯ ಅರ್ಕ ಅಟ್ಟದ ಮೇಲಿತ್ತು. ಹೊಸದಕ್ಕಾಗಿ ಕಪಾಟು ತೆರೆದು ಬಾಟ್ಲಿ ಅವರ ಕೈಗೆ ಕೊಟ್ಟೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಎರಡು ಶೀಸೆ ತುಂಬಿದರು. ಹೊರಗೆ ಬಂದಾಗ ಒಂದರ ಕೊರಳಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಉಳಿದ ಹೊಸ ಅರ್ಕವನ್ನು ಅವರೇ ತಂದು ನನ್ನ ಕೈಗಿತ್ತರು. "ಹಾಕು ನಿನ್ನ ಕೀಲಿ."

ತೊಟ್ಟಿಲ ಶಾಸ್ತ್ರ ಮುಗಿಸಿ, ಮರುದಿನ ಮಗಳ ಬಳಿ ನನ್ನ ತಂಗಿಯನ್ನು ಕೂರಿಸಿ ಬಾಗಲಕೋಟೆಗೆ ಹೊರಟೆವು. ಕಾರು ನಮ್ಮ ಮನೆಯವರೇ ಓಡಿಸಿದರು. ದಾರಿಯುದ್ದಕ್ಕೂ ಅತ್ತೆ ಶೀಸೆಗಳ ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಮೊಮ್ಮಗಳ ಬಾಣಂತನಕ್ಕೆಂದು ತೆಗೆಸಿದ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಸೀರೆಯ ಟೋಪಿತೆನಿ ನೇಯ್ಗೆಯ ಸೆರಗನ್ನು ತಲೆಯ ಮೇಲೆ ಹೊದ್ದು, ನ್ಯಾಯಕ್ಕೆ ಹೊರಟವರಂತೆ ನೇರವಾಗಿ ಕೂತಿದ್ದರು.

ಪ್ರಯೋಗಶಾಲೆಯ ಮೂಲೆಯಲ್ಲಿ ಪೂರಾ ಗಾಜಿನದೊಂದು ಯಂತ್ರ ನೀರು ಕುದಿಸಿ ಹನಿ ಹನಿಯಾಗಿ ಇಳಿಸುತ್ತಿತ್ತು. ಅತ್ತೆ ಅದರ ಮುಂದೆಯೇ ನಿಂತುಬಿಟ್ಟರು.

"ಇದು ಭಟ್ಟೀನ ಅಲ್ಲೇನ ತಂಗಿ?"

"ಹೌದ್ರಿ ಅಮ್ಮಾರ, ಭಟ್ಟೀನ" ಎಂದಳು ನನ್ನ ಗೆಳತಿ.

"ಕಣಕ ಎಲ್ಲಿ ಮೆತ್ತೀರಿ?"

"ಕಣಕ ಬೇಕಾಗಿಲ್ರಿ. ಗಾಜಿನ್ಯಾಗ ಗಾಜು ಬಿಗಿಯಾಗಿ ಕೂಡ್ತೈತಿ. ಲೋಹ ಮುಟ್ಟಿಸೂದಿಲ್ಲ ನಾವು."

ಅತ್ತೆ ಬಗ್ಗಿ ಕೂಡುವ ಜಾಗವನ್ನು ನೋಡಿದರು. ಬೆರಳು ಮುಂದೆ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದರು. "ಮೊದಲನೇ ಬಟ್ಟಲ ಚೆಲ್ತೀರೇನು?"

"ಚೆಲ್ತೇವ್ರಿ."

"ಹಾಂ" ಎಂದು ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಗೆಲುವಿತ್ತು. ನನಗೂ ಒಳಗೊಳಗೇ ಖುಷಿಯಾಯಿತು.

ಕಾಯಬೇಕಾಯಿತು. ನಾವು ಹೊರಗೆ ಬೇವಿನ ನೆರಳಲ್ಲಿ ಕೂತು ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅತ್ತೆ ಅರ್ಧ ರೊಟ್ಟಿಗೇ ಕೈ ತೊಳೆದರು. ಗೆಳತಿ ಬಂದಾಗ ಎರಡೂ ಶೀಸೆ ಹಿಡಿದು ಬಂದಳು.

"ಕೆಂಪು ದಾರದ್ದು ಸ್ವಚ್ಛ ಐತ್ರಿ ಅಮ್ಮಾರ. ಬಿಳಿ ದಾರದ್ದರಾಗ ಸೀಸ ಐತಿ. ಕುಡ್ಯೂ ನೀರಿನ್ಯಾಗ ಇರಬಾರದಷ್ಟು ಐತಿ."

ಯಾವ ದಾರ ಯಾವುದಕ್ಕೆ ಎಂದು ಅತ್ತೆಗೊಬ್ಬರಿಗೇ ಗೊತ್ತು. ಅವರು ಏನು ಹೇಳಿದರೂ ನಾವು ನಂಬಲೇಬೇಕಿತ್ತು. ಕೆಂಪು ದಾರದ್ದೇ ಹೊಸದು ಎಂದುಬಿಟ್ಟಿದ್ದರೆ ನನ್ನ ಕಾಗದವೂ ಸುಳ್ಳು, ನಾನೂ ಸುಳ್ಳು. ನಾನು ಅವರ ಕೈ ನೋಡಿದೆ. ಹೆಬ್ಬೆರಳು ಬಿಳಿ ದಾರದ ಗಂಟನ್ನು ಸವರುತ್ತಿತ್ತು.

"ಬಿಳೀದ ಹೊಸಾದು" ಎಂದರು.

ನಮ್ಮ ಮನೆಯವರು ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ, "ಅವ್ವಾ, ನಾನ ಮಾಡಿಸ್ಕೊಂಡು ಬಂದದ್ದು…" ಎಂದು ತಡವರಿಸಿದರು.

"ನೀ ಏನ ಸೀಸ ಅಂತ ಹಾಕಿಸ್ದೇನು? ಸುಮ್ನ ಗಾಡಿ ತಗಿ. ಶಿರೂರಿಗೆ ನಡಿ."

ಶಿರೂರಿಗೆ ಹೋಗಿದ್ದ ಬಾಟ್ಲಿ ಅವರಿಗೆ ನನಗಿಂತ ಮೊದಲು ನೆನಪಾಗಿತ್ತು. ಗೆಳತಿ, "ಆಕಿ ಕುಡದಿದ್ರ ಡಾಕ್ಟರಿಗೆ ಹೇಳಿ ಒಮ್ಮೆ ರಕ್ತ ತೋರಿಸ್ರಿ, ಹೆದರಬ್ಯಾಡ್ರಿ" ಎಂದು ಬಾಗಿಲ ತನಕ ಬಂದು ಹೇಳಿದಳು. ದಾರಿಯಲ್ಲಿ ನಾನು, "ಅರ್ಕ ಸೀದೈತಿ ಅಂತ ಹೇಳೂಣೇನ್ರಿ?" ಎಂದು ಕೇಳಿದೆ. ಅವರ ಹೆಸರು ಉಳಿಯಲಿ ಎಂದು ನನ್ನ ಆಸೆ. ಅತ್ತೆ ಸೆರಗು ಸರಿಮಾಡಿಕೊಂಡು, ಗಾಡಿ ಜೋರಾಗಿ ಓಡಿಸಲು ಮಗನಿಗೆ ಹೇಳಿದರು.

ಶಿರೂರಿನ ಬೀಗರ ಮನೆಯ ಪಡಸಾಲೆಯಲ್ಲಿ ಹೆಂಗಸರು ಸಂಜೆಯ ಚಹಾ ಕುಡಿಯುತ್ತ ಕೂತಿದ್ದರು. "ಬರ‍್ರಿ ಬರ‍್ರಿ" ಎಂದು ಚಾಪೆ ಹಾಸಿದರು. ಅತ್ತೆ ಕೂರಲಿಲ್ಲ.

"ನಾ ಕೊಟ್ಟ ಅರ್ಕ ಎಲ್ಲೈತಿ? ತರ‍್ರಿ. ನನ್ನ ಕೊಳವಿ ಬೆಸಿಗ್ಯಾಗ ಸೀಸ ಬಂದೈತಿ, ಅರ್ಕದಾಗ ಇಳದೈತಿ. ಈಗ ಬಾಗಲಕೋಟ್ಯಾಗ ತೋರಿಸ್ಕೊಂಡು ಬಂದೇವಿ. ನನ್ನ ಸೊಸಿ ಹಿಡದಾಳ."

ಚಹಾದ ಬಟ್ಟಲುಗಳು ಅಲ್ಲಲ್ಲೇ ನಿಂತವು. ಬಾಟ್ಲಿ ಬಂತು. ಕೊರಳಿನಿಂದ ಸ್ವಲ್ಪವೇ ಕೆಳಗೆ ಇಳಿದಿತ್ತು. "ಖಾರ ಹತ್ತೈತಿ ಅಂತ ಆಕಿ ನೆಟ್ಟಗ ಕುಡ್ಯೂದಿಲ್ರಿ" ಎಂದು ಆ ಮನೆಯ ಹಿರಿಯಾಕೆ ಹೇಳಿದರು. ಬಾಣಂತಿ ಅರ್ಕ ಕುಡಿಯದೆ ಮುಖ ತಿರುಗಿಸಿದಳೆಂಬ ಸುದ್ದಿಗೆ ನನ್ನ ಅತ್ತೆ ಸಂತೋಷಪಟ್ಟದ್ದನ್ನು ಕಂಡದ್ದು ಅದೊಂದೇ ಸಲ. ಉಳಿದದ್ದನ್ನು ಮೋರಿಗೆ ಸುರಿದು, ಖಾಲಿ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡರು. ಮುಂದೆ ಆ ಹುಡುಗಿಯ ರಕ್ತ ತೋರಿಸಿದಾಗ ಡಾಕ್ಟರು ಹೆದರುವಂಥದ್ದೇನೂ ಇಲ್ಲವೆಂದರು. ಫೋನಿನಲ್ಲಿ ಆ ಸುದ್ದಿ ಬರುವವರೆಗೆ ಅತ್ತೆ ಜಗಲಿಯ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದರು.

ಆಮೇಲೆ ಕೊಳವೆಯ ಕೆಲಸ. ಮನೆಯವರು ಈ ಸಲ ಯಾರಿಗೂ ಕೊಡದೆ, ಬೆಸುಗೆ ಹಾಕಿದ ಆ ಕೊಳವೆಯನ್ನೇ ಬಿಚ್ಚಿ ಬಿಸಾಡಿದರು. ತಮ್ಮ ಅಂಗಡಿಯಲ್ಲಿ ಊಟದ ಪಾತ್ರೆ ಮಾಡುವ ಸ್ಟೀಲಿನದೇ ಒಂದು ಅಖಂಡ ಕೊಳವೆಯನ್ನು ಬಗ್ಗಿಸಿ ತಂದರು. ಎಲ್ಲಿಯೂ ಜೋಡಣೆ ಇಲ್ಲ. ನೋಡಲು ಹಳೆಯದರಷ್ಟು ಚೆಂದವಿಲ್ಲ, ಒಂದು ಕಡೆ ಸೊಟ್ಟ. ಅದರಲ್ಲಿ ಇಳಿದ ಅರ್ಕವನ್ನೂ ಗೆಳತಿಗೆ ಕಳಿಸಿ, ಸ್ವಚ್ಛ ಎಂದ ಮೇಲೆ, ಬಿಳಿ ಬಾಟ್ಲಿ ಕಡೆಗೂ ತುಂಬಿತು. ಅತ್ತೆ ತಾವೇ ಚಮಚ ಹಿಡಿದು ಒಳಕೋಣೆಗೆ ಹೋದರು.

"ಆಯಿ, ಭಾಳ ಖಾರ ಐತಿ" ಎಂದು ನನ್ನ ಮಗಳು ಮೂಗು ಮುರಿದಳು.

"ಕುಡಿ ಕುಡಿ. ನಿಮ್ಮವ್ವ ಸೀರಿ ಕಪಾಟಿನ್ಯಾಗ ಕೀಲಿ ಹಾಕಿ ಕಾದಾಳ ನಿನ್ನ. ಈಗ ಆಕೀನ ಕೊಡು ಅಂದಾಳ."

ಈಗಲೂ ನಮ್ಮಲ್ಲಿ ಭಟ್ಟಿ ಹಚ್ಚುವ ಮೊದಲು ಒಂದು ಶಾಸ್ತ್ರವಿದೆ. ಬಿಳಿ ಕಾಗದದಿಂದ ಹಂಡೆ, ಮುಚ್ಚಳ, ಕೊಳವೆ ಎಲ್ಲವನ್ನೂ ತಿಕ್ಕಿ, ಬೆಳಕಿಗೆ ಹಿಡಿದು ನೋಡಬೇಕು. ಹೊಸ ಕಲಾಯಿ ಹಾಕಿಸಿದ ವರ್ಷ ಒಂದು ಶೀಸೆ ಬಾಗಲಕೋಟೆಗೂ ಹೋಗಬೇಕು. ಮೊನ್ನೆ ಓಣಿಯ ಹೊಸ ಸೊಸೆಯೊಬ್ಬಳು ಅರ್ಕ ಇಳಿಸುವುದನ್ನು ಕಲಿಯಲು ಬಂದಿದ್ದಳು. ನಾನು ಕಣಕ ನಾದುತ್ತ ಕೂತಿದ್ದೆ.

"ಮೊದಲ ಕಾಗದ ತಿಕ್ಕಬೇಕು" ಎಂದು ಅತ್ತೆ ಹೇಳಿಕೊಡುತ್ತಿದ್ದರು. "ಕರಿ ಗೆರಿ ಬಿತ್ತಂದ್ರ ಉರಿ ಹಚ್ಚಬಾರದು. ಇದು ಇವತ್ತಿಂದಲ್ಲ ಮತ್ತ. ನಮ್ಮತ್ತಿ ಕಾಲದಿಂದ ನಡಕೊಂಡು ಬಂದದ್ದು."

ನಾನು ತಲೆ ಎತ್ತಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಕಾಗದವನ್ನು ಹುಡುಗಿಯ ಕೈಗೆ ಕೊಟ್ಟು, "ಹಂಗಲ್ಲವಾ, ಒತ್ತಿ ಎಳಿ, ಒತ್ತಿ" ಎಂದರು.

"ಹೌದ್ರಿ, ಒತ್ತಿ ಎಳೀಬೇಕು" ಎಂದೆ ನಾನೂ, ಕಣಕಕ್ಕೆ ಇನ್ನೊಂದಿಷ್ಟು ನೀರು ಚಿಮುಕಿಸಿಕೊಂಡು.